ಗೋಡೆಗೆ ಹಚ್ಚಿದ ಪಾಸ್‌ವರ್ಡ್

'ಈ ಫೈಲನ್ನು ಇನ್ನೊಬ್ಬರು ಬಳಸುತ್ತಿದ್ದಾರೆ' ಎಂದು ಕಂಪ್ಯೂಟರ್ ಮೂರನೇ ಸಲ ತೋರಿಸಿದಾಗ ವಿಜಯಲಕ್ಷ್ಮಿ ತನ್ನ ಇಮೇಲುಗಳ ಫೈಲು ತೆರೆದುಕೊಡಲು ರಿಪೇರಿಯವನನ್ನು ಕರೆದಳು. ಅವಳು ಗುಮಾಸ್ತೆಯಾಗಿರುವ ಚಡಚಣದ ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜಿನಲ್ಲಿ ಗ್ಯಾಸ್ ಸೋರಿ ಕೂಲಿಯಾಳು ಮಡಿವಾಳಪ್ಪ ಸತ್ತು ಹದಿನೈದು ದಿನ. ಗ್ಯಾಸಿನ ವಾಲ್ವ್ ಕೆಟ್ಟಿದೆಯೆಂದು ಅವಳು ಏಪ್ರಿಲ್‌ನಲ್ಲೇ ಮ್ಯಾನೇಜರರಿಗೆ ಇಮೇಲ್ ಬರೆದಿದ್ದಳು. ಇರುವ ಸಾಕ್ಷಿ ಅದೊಂದೇ. ಅದನ್ನು ನೋಡಲು ಬರುತ್ತಿರುವ ತನಿಖೆಯವರು ಆಗಲೇ ದಾರಿಯಲ್ಲಿನ ಹೊರ್ತಿ ಊರು ದಾಟಿದ್ದಾರೆ. ಸತ್ತವನ ಹೆಂಡತಿ ಬಾಳಮ್ಮ ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದಾಳೆ.

"ವೈರಸ್ ಅಲ್ರಿ ಅಕ್ಕಾರ," ಎಂದ ಕಂಪ್ಯೂಟರ್ ರಿಪೇರಿಯ ಬಾಬುಲಾಲ. "ನಿಮ್ಮ ಇಮೇಲ್ ಬ್ಯಾರೆ ಕಂಪ್ಯೂಟರಿನ್ಯಾಗ ತೆರದೈತ್ರಿ. ಪಾಸ್‌ವರ್ಡ್ ಯಾರಿಗೆ ಗೊತ್ತೈತಿ?"

"ಎಲ್ಲಾರಿಗೂ ಗೊತ್ತೈತಪಾ. ಯಾರರ ರಜಾ ಹಾಕಿದ್ರ ಕೆಲಸ ನಿಲ್ಲಬಾರ್ದಂತ ನಾನಽ ಬರದು ಗ್ವಾಡಿಗೆ ಹಚ್ಚೇನಿ."

ಫೈಲು ಹಿಡಿದುಕೊಂಡಿದ್ದ ಕಂಪ್ಯೂಟರಿನ ಹೆಸರನ್ನು ಬಾಬುಲಾಲ ಹುಡುಕಿ ತೆಗೆದ. ಗಾಜಿನ ಕ್ಯಾಬಿನ್ನಿನತ್ತ ಗದ್ದ ತಿರುಗಿಸಿದ. ಒಳಗೆ ಮ್ಯಾನೇಜರ್ ತಲೆ ಬಗ್ಗಿಸಿ ಮೌಸ್ ಒತ್ತುತ್ತಿದ್ದರು.

ವಿಜಯಲಕ್ಷ್ಮಿ ಮತ್ತೊಮ್ಮೆ ಪ್ರಯತ್ನಿಸಿದಳು. ಈ ಸಲ ಫೈಲು ತಕರಾರಿಲ್ಲದೆ ತೆರೆಯಿತು. ಮಾರ್ಚ್ ತಿಂಗಳ ಇಮೇಲುಗಳಿದ್ದವು, ಮೇ ತಿಂಗಳವೂ ಇದ್ದವು. ನಡುವೆ ಏಪ್ರಿಲ್ ಇರಲಿಲ್ಲ.

ಕ್ಯಾಬಿನ್ನಿನ ಬಾಗಿಲು ತೆರೆದು ಮ್ಯಾನೇಜರ್ ಅಕ್ಕರೆಯಿಂದ ಕೇಳಿದರು: "ರಿಪೇರಿ ಆತೇನವಾ?"