ಅಂಜಲ್ ಸಿಕ್ಕಿದ ದೋಣಿ

ನಿಂತು ಗಾಳ ಬೀಸಿದರೂ ಅಲುಗದ ದೋಣಿ ಬೇಕೆಂದು ಡಾಕ್ಟರ್ ಭಾಗವತರು ದೋಣಿ ಮಾರುವ ದೂಮಣ್ಣನಲ್ಲಿಗೆ ಬಂದರು. ಅವನು ತೋರಿಸಿದ್ದಕ್ಕೆಲ್ಲ ಏನಾದರೊಂದು ಕೊಂಕು ತೆಗೆದು, ಕೊನೆಗೆ ಒಂದನ್ನು ಹತ್ತಿದರು. ಪರೀಕ್ಷೆಗೆಂದು ಇಬ್ಬರೂ ಅಳಿವೆ ದಾಟಿ ಸಮುದ್ರಕ್ಕೆ ಹೋದರು. ಡಾಕ್ಟರು ಪುಕ್ಕದಿಂದ ಮಾಡಿದ ನಕಲಿ ಹುಳು ಕಟ್ಟಿದ ಗಾಳ ಬೀಸಿದ್ದೇ ತಡ, ತೋಳುದ್ದದ ಅಂಜಲ್ ಮೀನು ಸಿಕ್ಕಿತು.

ದೂಮಣ್ಣನ ಬಾಯಲ್ಲಿ ನೀರೂರಿತು. “ಡಾಕ್ಟ್ರೇ, ಭಾರೀ ಲಾಯ್ಕದ ಮೀನು! ಮಸಾಲೆ ಅರೀಲಿಕ್ಕೆ ಹೆಂಡ್ತಿಗೆ ಫೋನ್ ಮಾಡ್ತೇನೆ.”

“ಛೇ, ನಾನು ಮೀನು ತಿನ್ನುದಿಲ್ಲ ಮಾರಾಯ್ರೆ. ಹಿಡಿಯುದು, ಬಿಡುದು, ಅಷ್ಟೇ.”

ಡಾಕ್ಟರು ಮೀನಿಗೊಂದು ಮುತ್ತು ಕೊಟ್ಟು ನೀರಿಗೆ ಬಿಟ್ಟರು. ಅದು ಬಾಲ ಬಡಿದು ಮರೆಯಾಗುವುದನ್ನೇ ನೋಡುತ್ತ ಹೇಳಿದರು, “ದೋಣಿ ಒಪ್ಪಿಗೆ ಆಯ್ತು ದೂಮಣ್ಣ. ರೇಟು ಹೇಳಿ.”

ಧಡಾರೆಂದು ನೀರು ಚಿಮ್ಮಿತು. ದೂಮಣ್ಣ ಲುಂಗಿ ಬಿಚ್ಚಿಟ್ಟು ಮೀನಿನ ಹಿಂದೆಯೇ ಹಾರಿದ್ದ.