ಪಕ್ಕದ ಜಾಗ

“ಆ ಡ್ರೈವರಿಗೆ ನಾನು ಪೆಟ್ಟಿಗೆ ಮಾಡೋದಿಲ್ಲ, ಪಾಸ್ಟರ್.”

ಬಡಗಿ ತಲೆ ಎತ್ತಲಿಲ್ಲ. ಹಲಗೆಯ ಮೇಲೆ ಉಜ್ಜುಗೊರಡು ಹೋಗಿ ಬರುತ್ತಲೇ ಇತ್ತು. ಹಲಗೆ ಯಾವಾಗಲೋ ನುಣುಪಾಗಿತ್ತು. ಸಭೆಯ ಪಾಲಕರು ಅಂಗಡಿಯ ಬಾಗಿಲಲ್ಲೇ ನಿಂತಿದ್ದರು; ಒಳಗೆ ಬನ್ನಿ ಎಂದು ಅವನು ಕರೆದಿರಲಿಲ್ಲ.

“ಪೆಟ್ಟಿಗೆ ಬೇರೆ ಕಡೆ ಸಿಗುತ್ತೆ, ಮೇಸ್ತ್ರಿ. ನಾನು ಬಂದಿದ್ದು ಜಾಗದ ವಿಷಯಕ್ಕೆ. ಚರ್ಚಿನ ನೆಲದಲ್ಲಿ ಇನ್ನು ಒಬ್ಬರನ್ನ ಹೂಳೋಕೆ ಮಾತ್ರ ಜಾಗ ಇದೆ, ನಿಮ್ಮ ಮಗಳ ಪಕ್ಕದ್ದು. ಅದು ನಿಮ್ಮ ಹೆಸರಲ್ಲಿದೆ. ನೀವು ಒಪ್ಪಬೇಕು.”

ಗೊರಡು ನಿಂತಿತು.

“ಅವಳನ್ನ ಕೊಂದವನನ್ನ ಅವಳ ಪಕ್ಕದಲ್ಲೇ ಮಲಗಿಸಬೇಕಾ?”

ಇದ್ದ ಒಬ್ಬಳೇ ಮಗಳು. ಹೊಲಿಗೆ ಕಾರ್ಖಾನೆಗೆ ಸೇರಿ ವರ್ಷ ತುಂಬಿರಲಿಲ್ಲ. ಹತ್ತು ದಿನದ ಹಿಂದೆ, ಸಂಜೆ, ಕೆಲಸದವರನ್ನು ಮನೆಮನೆಗೆ ಬಿಡುವ ಕಾರ್ಖಾನೆಯ ವ್ಯಾನು ಸೇತುವೆಯ ಕಟ್ಟೆಗೆ ಗುದ್ದಿತು. ಉಳಿದವರೆಲ್ಲ ಆಗಲೇ ಇಳಿದುಹೋಗಿದ್ದರು. ಮುಂದಿನ ಸೀಟಿನಲ್ಲಿ ಅವಳೊಬ್ಬಳೇ ಇದ್ದಳು. ಡ್ರೈವರ್ ಕುಡಿದಿದ್ದ. ಅವಳು ಅಲ್ಲೇ ಹೋದಳು. ಅವನು ಆಸ್ಪತ್ರೆಯಲ್ಲಿ ಒಂಬತ್ತು ದಿನ ಒದ್ದಾಡಿ, ನಿನ್ನೆ ಹೋದ.

ಆ ಒಂಬತ್ತು ದಿನವೂ ಬಡಗಿಯ ಹೆಂಡತಿ ಆಸ್ಪತ್ರೆಗೆ ಹೋಗಿ ಬಂದಿದ್ದಳು. ಬಡಗಿ ಒಂದು ದಿನವೂ ಹೋಗಲಿಲ್ಲ. ಅವನ ಹೆಸರನ್ನೂ ಬಾಯಿಗೆ ತರಲಿಲ್ಲ. ಡ್ರೈವರ್ ಎಂದೇ ಅನ್ನುತ್ತಿದ್ದ.

“ಸಭೆಯ ಹಿರಿಯರು ಏನಂತಾರೆ?” ಎಂದು ಕೇಳಿದ.

“ಕುಡಿದು ಜೀವ ತೆಗೆದವನಿಗೆ ಚರ್ಚಿನ ನೆಲ ಬೇಡ, ನಗರಸಭೆಯ ಸ್ಮಶಾನಕ್ಕೆ ಕಳಿಸಿ ಅಂತಾರೆ. ನಿಮ್ಮ ದುಃಖ ನೋಡಲಾರದೆ ಹಾಗಂತಾರೆ. ನೀವು ಬೇಡ ಅಂದರೆ ಅಲ್ಲಿಗೆ ಮುಗೀತು.”

“ಮತ್ತೆ ನೀವ್ಯಾಕೆ ಬಂದ್ರಿ? ನ್ಯಾಯ ಅಂತ ಒಂದಿದೆಯಲ್ಲ?”

“ಇದೆ. ಅದನ್ನ ಕೊಡೋನ ಮುಂದೆ ಅವನು ಆಗಲೇ ನಿಂತಾಗಿದೆ. ಅದು ನಮ್ಮ ಕೈ ಬಿಟ್ಟು ಹೋಯ್ತು, ಮೇಸ್ತ್ರಿ. ನಮ್ಮ ಕೈಯಲ್ಲಿ ಉಳಿದಿರೋದು ಇದೊಂದೇ.” ಪಾಲಕರು ಹೊರಡಲು ತಿರುಗಿದರು. “ನಾನು ಒತ್ತಾಯ ಮಾಡೋಲ್ಲ. ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಏನು ಮಾಡ್ತಿದ್ದೆನೋ, ನನಗೂ ಗೊತ್ತಿಲ್ಲ.”

ಅವರು ಹೋದರು. ಬಡಗಿ ಮರದ ಹೊಟ್ಟಿನ ರಾಶಿಯ ನಡುವೆ ಕುಳಿತ.

ಇಪ್ಪತ್ತು ವರ್ಷ ಪ್ರತಿ ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಪಾಠ ಹೇಳಿದವನು ಅವನು. ಎಷ್ಟು ಸಲ ಕ್ಷಮಿಸಬೇಕು ಎಂದು ಮಕ್ಕಳು ಕೇಳಿದರೆ, ಲೆಕ್ಕ ಇಡಬಾರದು, ಅಷ್ಟೇ, ಎನ್ನುತ್ತಿದ್ದ. ಆ ಡ್ರೈವರೂ ಚಿಕ್ಕವನಿದ್ದಾಗ ಅದೇ ಚಾಪೆಯ ಮೇಲೆ ಕುಳಿತು ಅದನ್ನು ಕೇಳಿದವನೇ.

ಇನ್ನೊಂದು ಮಾತು ಅವನನ್ನು ಒಳಗೊಳಗೇ ತಿನ್ನುತ್ತಿತ್ತು. ಡ್ರೈವರ್ ಮತ್ತೆ ಕುಡಿಯಲು ಶುರುಮಾಡಿದ್ದು ಅವನಿಗೆ ಮೂರು ವಾರ ಮೊದಲೇ ಗೊತ್ತಿತ್ತು. ಹತ್ತಿರ ಬಂದಾಗ ವಾಸನೆ ಬಡಿದಿತ್ತು. ಕಾರ್ಖಾನೆಯವರಿಗೆ ತಿಳಿಸಿದರೆ ಕೆಲಸ ಹೋಗುತ್ತದೆ, ಪಾಪ, ಇನ್ನೊಂದು ಸಲ ನೋಡೋಣ ಎಂದು ಬಾಯಿ ಮುಚ್ಚಿಕೊಂಡಿದ್ದ. ಅದನ್ನೇ ಕರುಣೆ ಎಂದುಕೊಂಡಿದ್ದ. ಸತ್ಯ ಹೇಳಬೇಕಾದ ಕಡೆ ಹೇಳಲಿಲ್ಲ.

ಹೆಂಡತಿ ಬಂದು ಬಾಗಿಲಿಗೆ ಒರಗಿ ನಿಂತಳು. ಅತ್ತು ಅತ್ತು ಅವಳ ಮುಖ ಊದಿತ್ತು.

“ಕೊನೆಗೆ ನೀರು ಕೇಳಿದ. ಆಮೇಲೆ ನಿಮ್ಮನ್ನ ಕೇಳಿದ.”

“ನನ್ನನ್ನ ಯಾಕೆ?”

“ಯಾಕೆ ಅಂತ ನಿಮಗೆ ಗೊತ್ತಿಲ್ವಾ?”

ಅವನು ಮುಖ ತಿರುಗಿಸಿದ. “ನಿನಗೆ ಹೇಗೆ ಮನಸ್ಸು ಬಂತು ಅಲ್ಲಿಗೆ ಹೋಗೋಕೆ?”

“ಅವನು ಮಾಡಿದ್ದು ಸರಿ ಅಂದ್ನಾ ನಾನು? ಒಂಬತ್ತು ತಿಂಗಳು ಹೊತ್ತವಳು ನಾನು ಕಣ್ರೀ. ನಿಮಗಿಂತ ನನಗೇನು ಸಂಕಟ ಕಮ್ಮಿಯಾ?” ಅವಳ ದನಿ ಏರಲಿಲ್ಲ. “ಕೈ ಹಿಡ್ಕೊಂಡ. ತಣ್ಣಗಿತ್ತು. ಕೊಡವಿಕೊಳ್ಳೋಕೆ ನನ್ನಿಂದ ಆಗಲಿಲ್ಲ.”

ಅವಳು ಒಳಗೆ ಹೋದ ಮೇಲೆ ಬಡಗಿ ಎದ್ದ. ಗೋಡೆಗೆ ಒರಗಿಸಿದ್ದ ಹಲಗೆಗಳಲ್ಲಿ ಗಂಟಿಲ್ಲದವನ್ನು ಆರಿಸಿದ. ಅಳತೆ ಯಾರನ್ನೂ ಕೇಳಲಿಲ್ಲ. ಅಂಗಡಿಯ ಬಾಗಿಲಿಗೆ ತಲೆ ತಗಲುವಷ್ಟು ಎತ್ತರದವನು ಡ್ರೈವರ್. ಎಷ್ಟೋ ಸಲ ತಗಲಿಸಿಕೊಂಡು ಹಣೆ ಉಜ್ಜಿಕೊಂಡಿದ್ದ. ಭುಜದ ಕಡೆ ನಾಲ್ಕು ಬೆರಳು ಹೆಚ್ಚಿಗೆ ಬಿಟ್ಟು ಕೊಯ್ದ. ಮಧ್ಯಾಹ್ನದ ಊಟಕ್ಕೆ ಏಳಲಿಲ್ಲ. ಮೊಳೆ ಹೊಡೆಯುವಾಗ ಎರಡು ಸಲ ಸುತ್ತಿಗೆ ಬೆರಳ ಮೇಲೆ ಬಿತ್ತು. ಸಂಜೆಯ ಹೊತ್ತಿಗೆ ಪಾಲಕರ ಮನೆಗೆ ನಡೆದು ಹೋಗಿ, ಕೂರದೆಯೇ, “ಜಾಗ ಕೊಡ್ತೀನಿ,” ಎಂದ.

ಮರುದಿನ ಬೆಳಿಗ್ಗೆ ಹಿರಿಯರು ಯಾರೂ ಬರಲಿಲ್ಲ. ಗುಂಡಿ ತೋಡುವವರಿಬ್ಬರು, ಪಾಲಕರು, ಗಂಡ ಹೆಂಡತಿ, ಅಷ್ಟೇ ಜನ. ತಲೆಯ ಕಡೆ ಬಡಗಿಯೇ ಹೆಗಲು ಕೊಟ್ಟ. ಪ್ರಾರ್ಥನೆ ಚಿಕ್ಕದಾಗಿಯೇ ಮುಗಿಯಿತು. ಮಗಳ ಮೇಲಿನ ಮಣ್ಣು ಇನ್ನೂ ಕುಗ್ಗಿರಲಿಲ್ಲ. ಹೊಸ ಮಣ್ಣು ಅದರ ಅಂಚಿಗೆ ತಾಗಿ ಬಿತ್ತು. ಎರಡರ ನಡುವೆ ಗೆರೆ ಗೊತ್ತಾಗಲಿಲ್ಲ.

ಆಗ ನಗರಸಭೆಯಿಂದ ಗುಮಾಸ್ತನೊಬ್ಬ ಕಾಗದ ಹಿಡಿದು ಬಂದ. ಕೆಲಸಕ್ಕೆ ಹೊಸಬ, ಇವರ ಪರಿಚಯ ಇಲ್ಲದವನು. ಹೋದ ವಾರದ್ದೂ ಸೇರಿಸಿ ಎರಡು ಸಾವಿನ ವಿವರವನ್ನೂ ಬರೆದುಕೊಳ್ಳಬೇಕಿತ್ತು. ಮೊದಲು ಹುಡುಗಿಯ ತಂದೆಯ ಹೆಸರು ಕೇಳಿದ. ಬಡಗಿ ತನ್ನ ಹೆಸರು ಹೇಳಿದ. ಗುಮಾಸ್ತ ಬರೆದುಕೊಂಡು ಎರಡನೆಯ ಹಾಳೆ ತಿರುವಿದ.

“ಇವರ ತಂದೆ ಹೆಸರು?”

ಪಾಲಕರು ನೆಲ ನೋಡಿದರು. ಹೆಂಡತಿ ಗಂಡನ ಕಡೆ ತಿರುಗಿದಳು.

“ಅದೇ ಹೆಸರು ಬರೀರಿ,” ಎಂದ ಬಡಗಿ. “ಇವನು ಅವಳ ಅಣ್ಣ.”