ಬೀಳಲೊಲ್ಲದ ಹೀರೋ

ಒಂದೂ ಪಂದ್ಯ ಗೆಲ್ಲದ ಬಡಪಾಯಿ ಐಸ್ ಹಾಕಿ ತಂಡವೊಂದು ಕೊನೆಗೆ ಕಪ್ ಎತ್ತುವ ಹಾಸ್ಯಚಿತ್ರ ಅದು. ಬಡಪಾಯಿಗಳ ನಾಯಕ ನಮ್ಮ ಸೂಪರ್‌ಸ್ಟಾರ್. ಎದುರಾಳಿ ಗೋಲ್‌ಕೀಪರ್ ನಾನು. ನನ್ನಂಥ ನಟ ಮೂರು ಲೋಕದಲ್ಲೂ ಇಲ್ಲ, ಅದಿರಲಿ.

“ಸಾರ್, ಮೊದಲರ್ಧದಲ್ಲಿ ನೀವು ಜಾರಿ ಬೀಳ್ಬೇಕು, ಸೋಲ್ಬೇಕು. ಆಗ್ಲೇ ಜನ ಅಯ್ಯೋ ಪಾಪ ಅನ್ನೋದು,” ಎಂದರು ನಿರ್ದೇಶಕರು.

“ನಾನು ಬೀಳೋದಾ? ಅಭಿಮಾನಿಗಳು ಥಿಯೇಟರ್‌ಗೆ ಬೆಂಕಿ ಇಡ್ತಾರೆ ಕಣ್ರೀ! ಆ ಗೋಲ್‌ಕೀಪರ್‌ನ ಬೀಳ್ಸಿ.”

“ಅವನದು ಚಾಂಪಿಯನ್ ತಂಡ ಸಾರ್...”

“ಬೀಳ್ಸಿ ಅಂದ್ನಲ್ಲ!”

ಬಿದ್ದೆ. ಒಂದು ಸಲವಲ್ಲ, ಒಂಬೈನೂರು ಸಲ ಬಿದ್ದೆ; ಹಿಮಾಲಯವೇ ಬಿರುಕುಬಿಟ್ಟಿತು. ಹೀರೋ ಮಾತ್ರ ಕ್ರಾಪು ಕೆದರದಂತೆ ಮುನ್ನೂರು ಗೋಲು ಹೊಡೆದರು.

ಬಿಡುಗಡೆಯಾದ ಮೂರನೆಯ ದಿನ ಚಿತ್ರಮಂದಿರದ ಮುಂದೆ ಅಭಿಮಾನಿಗಳು ಕೊಡಗಟ್ಟಲೆ ಹಾಲೆರೆದರು, ನನ್ನ ಕಟೌಟಿಗೆ.